ಗೋಡು, ಬೂದಿ, ತಿಪ್ಪೆ: ಹೊಲದ ಮಣ್ಣನ್ನು ಸಾಕಿದ ಕಥೆ

ಹಳೇ ಮೈಸೂರಿನ ಬಯಲು ಹಳ್ಳಿಗಳಲ್ಲಿ ಬೇಸಿಗೆ ಅಂದರೆ ಗೋಡು ಹೊಡೆಯುವ ಕಾಲವಾಗಿತ್ತು. ಕೆರೆಯ ನೀರು ತಳ ಸೇರಿ, ಅಂಗಳ ಬಿರುಕು ಬಿಟ್ಟ ಮೇಲೆ ಎತ್ತಿನ ಗಾಡಿಗಳು ಕೆರೆಯೊಳಕ್ಕೆ ಇಳಿಯುತ್ತಿದ್ದವು. ಕಪ್ಪಗೆ ಜಿಗುಟಾಗಿರುವ ಆ ಮಣ್ಣನ್ನು ಗುದ್ದಲಿಯಲ್ಲಿ ಕೆತ್ತಿ ತುಂಬಿ, ಹೊಲದಲ್ಲಿ ಗುಡ್ಡೆ ಗುಡ್ಡೆಯಾಗಿ ಸುರಿಯುತ್ತಿದ್ದರು. ಮುಂಗಾರಿನ ಮೊದಲ ಮಳೆಗೆ ಹೆಂಟೆ ತಾನಾಗಿಯೇ ಅರಳಿ ಪುಡಿಯಾಗುತ್ತಿತ್ತು. ಅದರ ಜೊತೆಗೆ ತಿಪ್ಪೆಯ ಗೊಬ್ಬರ. ಆಮೇಲೆ ನೇಗಿಲು.

ಗಮನಿಸಿ, ಎರಡೂ ಬೇಕಿತ್ತು. ತಿಪ್ಪೆ ಇದೆ ಅಂತ ಗೋಡು ಬಿಡುತ್ತಿರಲಿಲ್ಲ, ಗೋಡು ಹೊಡೆದಾಯ್ತು ಅಂತ ತಿಪ್ಪೆ ಬಿಡುತ್ತಿರಲಿಲ್ಲ. ಇವತ್ತು ಮಣ್ಣಿನ ಬಗ್ಗೆ ನಡೆಯುವ ಜಗಳದಲ್ಲಿ ಒಬ್ಬರು "ಸಗಣಿ ಗೊಬ್ಬರ ಒಂದಿದ್ದರೆ ಸಾಕು" ಅನ್ನುತ್ತಾರೆ, ಇನ್ನೊಬ್ಬರು "ಚೀಲದ ಗೊಬ್ಬರ ಇಲ್ಲದೆ ಏನೂ ಬೆಳೆಯಲ್ಲ" ಅನ್ನುತ್ತಾರೆ. ಕಳೆದ ನೂರೈವತ್ತು ವರ್ಷದ ಕಥೆ ನೋಡಿದರೆ ಇಬ್ಬರ ಮಾತಿನಲ್ಲೂ ಅರ್ಧ ಮಾತ್ರ ಸತ್ಯ ಇದೆ ಅನ್ನುವುದು ಗೊತ್ತಾಗುತ್ತದೆ.

ಬೆಳೆ ತಿನ್ನುವುದು ಎರಡು ಕಡೆಯಿಂದ

ಮೊದಲು ಒಂದು ಸಣ್ಣ ಲೆಕ್ಕ. ಬೆಳೆಯ ಮೈಯಲ್ಲಿರುವ ಇಂಗಾಲ ಗಾಳಿಯಿಂದ ಬಂದದ್ದು. ಸಾರಜನಕದ ಮೂಲವೂ ಗಾಳಿಯೇ. ಅವರೆ, ಅಲಸಂದೆ, ತೊಗರಿ, ಹುರುಳಿಯ ಬೇರಿನ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಕೊಡುತ್ತವೆ. ಇವು ಖಾಲಿಯಾದರೆ ಮತ್ತೆ ತುಂಬಿಕೊಳ್ಳುವ ದಾರಿ ಇದೆ.

ರಂಜಕ, ಪೊಟ್ಯಾಷ್, ಸುಣ್ಣದ ಅಂಶ, ಸತು, ಬೋರಾನ್ ಹಾಗಲ್ಲ. ಇವು ಕಲ್ಲಿನಿಂದ ಬಂದವು. ಬಂಡೆ ಸಾವಿರಾರು ವರ್ಷ ಸವೆದು ಮಣ್ಣಾದಾಗ ಬಿಟ್ಟುಕೊಟ್ಟ ಸತ್ವ ಇದು. ಗಂಧಕದ್ದೂ ಹೆಚ್ಚುಕಡಿಮೆ ಇದೇ ಕಥೆ. ರಾಗಿ ಮೂಟೆ ಸಂತೆಗೆ ಹೋದಾಗ, ಕಡಲೆಕಾಯಿ ಮಂಡಿಗೆ ಹೋದಾಗ, ಹಾಲು ಡೈರಿಗೆ ಹೋದಾಗ ಈ ಕಲ್ಲಿನ ಸತ್ವವೂ ಚೂರು ಚೂರಾಗಿ ಊರು ಬಿಡುತ್ತದೆ. ಗಾಳಿಯಿಂದ ಅದು ವಾಪಸ್ ಬರುವುದಿಲ್ಲ.

ತಿಪ್ಪೆಯ ಗುಟ್ಟೂ ಇಲ್ಲೇ ಇದೆ. ನಮ್ಮ ಹೊಲದಲ್ಲಿ ಸತು ಕಡಿಮೆ ಇದ್ದರೆ ಅಲ್ಲಿ ಬೆಳೆದ ಹುಲ್ಲಿನಲ್ಲೂ ಸತು ಕಡಿಮೆ ಇರುತ್ತದೆ. ಆ ಹುಲ್ಲು ತಿಂದ ಹಸುವಿನ ಸಗಣಿಯಲ್ಲೂ ಕಡಿಮೆ. ಆ ಸಗಣಿಯ ಗೊಬ್ಬರದಲ್ಲೂ ಕಡಿಮೆ. ತಿಪ್ಪೆ ಇದ್ದದ್ದನ್ನು ಉಳಿಸಿ ಕೊಡುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಹಾಗಾದರೆ ಚೀಲದ ಗೊಬ್ಬರ ಬರುವ ಮೊದಲು, ಶತಮಾನಗಟ್ಟಲೆ ಒಂದೇ ಹೊಲ ಉತ್ತು ಬೆಳೆದವರು ಏನು ಮಾಡುತ್ತಿದ್ದರು?

ಹೊಲದ ಹೊರಗಿಂದ ಬರುತ್ತಿದ್ದದ್ದು

ಹೊಲದ ಹೊರಗಿಂದ ತರುತ್ತಿದ್ದರು. ಇದೇ ಉತ್ತರ.

ಮಳೆ ನೀರು ಮೇಲಿನ ಜಮೀನು, ಗುಡ್ಡ, ಗೋಮಾಳಗಳಿಂದ ನುಣ್ಣನೆಯ ಮಣ್ಣನ್ನು ಕೊಚ್ಚಿಕೊಂಡು ಬಂದು ಕೆರೆಯಲ್ಲಿ ಇಳಿಸುತ್ತದೆ. ಸತ್ವ ಹಿಡಿದುಕೊಳ್ಳುವುದು ಈ ನುಣುಪು ಮಣ್ಣೇ. ಅದನ್ನು ಮರಳು ಮಿಶ್ರಿತ ಕೆಂಪು ಹೊಲಕ್ಕೆ ಹೊಡೆದರೆ ಸತ್ವವೂ ಬರುತ್ತದೆ, ತೇವ ಹಿಡಿಯುವ ಶಕ್ತಿಯೂ ಬರುತ್ತದೆ. ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬ ಲೆಕ್ಕವನ್ನು ನಾವು ನೀರಿನ ಲೆಕ್ಕವಾಗಿ ಮಾತ್ರ ಓದುತ್ತೇವೆ. ಅದು ಗೊಬ್ಬರದ ಉಗ್ರಾಣಗಳ ಲೆಕ್ಕವೂ ಹೌದು. ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಜಮೀನಿಗೆ ಕೆರೆಗೊಡಗೆ ಎಂಬ ಹೆಸರೇ ನಮ್ಮ ಶಾಸನಗಳಲ್ಲಿದೆ.

ಮಲೆನಾಡಿನಲ್ಲಿ ಆ ಕೆಲಸವನ್ನು ಕಾಡು ಮಾಡುತ್ತಿತ್ತು. ಮರದ ಬೇರು ಆಳದ ಕಲ್ಲಿನಿಂದ ಸತ್ವ ಎಳೆದು ಎಲೆಗೆ ತರುತ್ತದೆ. ಆ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಸಗಣಿ ಗಂಜಲದಲ್ಲಿ ನೆನೆದು, ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತಿತ್ತು. ಉತ್ತರ ಕನ್ನಡದಲ್ಲಿ ಬ್ರಿಟಿಷ್ ಸರ್ಕಾರ ಕಾಡಿಗೆ ಬೇಲಿ ಹಾಕಿದಾಗಲೂ ತೋಟಿಗರ ಸೊಪ್ಪಿನ ಬೆಟ್ಟದ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟದ್ದುಂಟು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಜಮೀನುಗಳ ಹಿಂದೆಯೂ ಇದೇ ಲೆಕ್ಕಾಚಾರ ಇತ್ತು. ಒಂದು ಎಕರೆ ಉಣ್ಣಬೇಕಾದರೆ ಹಲವು ಎಕರೆ ಬಡಿಸಬೇಕು.

ಇದರ ಜೊತೆಗೆ ಕುರಿ ಮಂದೆ. ಹಗಲು ಗುಡ್ಡ ಮೇಯ್ದ ಕುರಿ ರಾತ್ರಿ ನಿಮ್ಮ ಹೊಲದಲ್ಲಿ ತಂಗಿದರೆ ಗುಡ್ಡದ ಸತ್ವ ನಿಮ್ಮ ಹೊಲಕ್ಕೆ ಇಳಿಯಿತು ಅಂತಲೇ ಅರ್ಥ. ಅದಕ್ಕೇ ಮಂದೆ ಕಟ್ಟಿಸಿದವರು ಕುರಿಗಾರರಿಗೆ ಕಾಳು ಕೊಡುತ್ತಿದ್ದರು, ದುಡ್ಡು ಕೊಡುತ್ತಿದ್ದರು. ಕರಾವಳಿಯಲ್ಲಿ ತರಗೆಲೆ, ಮಣ್ಣು ಸೇರಿಸಿ ಸುಟ್ಟ ಸುಡುಮಣ್ಣು ತೋಟಕ್ಕೆ ಹೋಗುತ್ತಿತ್ತು. ಎಲ್ಲ ಊರಲ್ಲೂ ಒಲೆಯ ಬೂದಿ ತಿಪ್ಪೆ ಸೇರುತ್ತಿತ್ತು. ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ.

ಹೀಗೆ ಕೊಳೆತು ಗೊಬ್ಬರವಾಗುವುದು ಒಂದು ಕಡೆ, ಕಲ್ಲಿನ ಸತ್ವ ಇನ್ನೊಂದು ಕಡೆ. ಮಣ್ಣಿಗೆ ಎರಡೂ ಊಟ ಸಿಗುತ್ತಿತ್ತು.

ಊರು ಬಿಟ್ಟು ಹೋದದ್ದು

ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನ ತಜ್ಞ ಜಾನ್ ಅಗಸ್ಟಸ್ ವೋಲ್ಕರ್ 1889ರ ಕೊನೆಯಲ್ಲಿ ಭಾರತಕ್ಕೆ ಬಂದರು. ಇಲ್ಲಿನ ಬೇಸಾಯ ಸುಧಾರಿಸುವುದು ಹೇಗೆ ಅಂತ ಹೇಳಲು ಸರ್ಕಾರ ಅವರನ್ನು ಕರೆಸಿತ್ತು. ವರ್ಷಕ್ಕೂ ಹೆಚ್ಚು ಕಾಲ ದೇಶ ಸುತ್ತಿದರು. 1893ರಲ್ಲಿ ಅವರ ವರದಿ ಅಚ್ಚಾಯಿತು.

ಇಲ್ಲಿನ ರೈತರಿಗೆ ಬೇಸಾಯ ಗೊತ್ತಿಲ್ಲ ಅನ್ನುವ ಮಾತನ್ನು ವೋಲ್ಕರ್ ಒಪ್ಪಲಿಲ್ಲ. ಗೊತ್ತಿದ್ದರೂ ಮಾಡಲಾಗದಂತೆ ಕೈ ಕಟ್ಟಿದ್ದು ಏನು ಅಂತ ಹುಡುಕಿದರು. ಅವರ ಕಣ್ಣಿಗೆ ಬಿದ್ದ ದೊಡ್ಡ ಕೊರತೆ ಗೊಬ್ಬರದ್ದು. ಸಗಣಿ ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು, ಯಾಕೆಂದರೆ ಸೌದೆ ಇರಲಿಲ್ಲ. ಹಳ್ಳಿಗಳಿಗೆ ಸೌದೆ, ಮೇವು ಸಿಗುವಂತೆ ಮರ ಬೆಳೆಸುವ ಜಾಗ ಮೀಸಲಿಡಿ ಅಂತ ಅವರು ಸರ್ಕಾರಕ್ಕೆ ಹೇಳಿದರು.

ಇನ್ನೊಂದು ಸೋರಿಕೆಯನ್ನೂ ಅವರು ಗುರುತಿಸಿದರು. ಎಣ್ಣೆಕಾಳು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು. ಬರೀ ಎಣ್ಣೆ ಹೋದರೆ ಮಣ್ಣಿಗೆ ನಷ್ಟವಿಲ್ಲ, ಎಣ್ಣೆಯಲ್ಲಿ ಮಣ್ಣಿನ ಸತ್ವ ಇರುವುದು ತೀರಾ ಕಡಿಮೆ. ಆದರೆ ಕಾಳಿನ ಜೊತೆ ಹಿಂಡಿಯೂ ಹೋದಂತಾಯಿತು, ಸತ್ವ ಇರುವುದು ಹಿಂಡಿಯಲ್ಲಿ. ಸತ್ತ ದನಗಳ ಮೂಳೆಯನ್ನೂ ಹೆಕ್ಕಿ ಹಡಗಿಗೆ ತುಂಬುತ್ತಿದ್ದರು. ಮೂಳೆ ಅಂದರೆ ರಂಜಕ ಮತ್ತು ಸುಣ್ಣ. ನಮ್ಮ ಹೊಲದ ಕಲ್ಲಿನ ಸತ್ವ ಹೀಗೆ ಬೇರೆ ದೇಶದ ಹೊಲ ಸೇರಿತು.

ಹೆಬ್ಬಾಳದ 30 ಎಕರೆ

ವೋಲ್ಕರ್ ವರದಿ ಬಂದು ಆರು ವರ್ಷಕ್ಕೆ, 1899ರಲ್ಲಿ, ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಬೇಸಾಯದ ಪ್ರಯೋಗಕ್ಕೆ ಕೊಟ್ಟರು. ಮಗನಿಗೆ ವಯಸ್ಸು ತುಂಬದ ಕಾರಣ ಆಗ ರಾಜ್ಯದ ಆಡಳಿತ ಅವರ ಕೈಯಲ್ಲಿತ್ತು. ಅಲ್ಲಿ ಪ್ರಯೋಗಾಲಯ ಕಟ್ಟಿ, ಯಾವ ಮಣ್ಣಿಗೆ ಏನು ಹಾಕಿದರೆ ಬೆಳೆ ಹೇಗೆ ಸ್ಪಂದಿಸುತ್ತದೆ ಎಂಬ ಪರೀಕ್ಷೆ ಶುರು ಮಾಡಿದವರು ಡಾ. ಲೆಹ್ಮನ್ ಎಂಬ ರಸಾಯನ ತಜ್ಞ. ಇವತ್ತಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಆ 30 ಎಕರೆಯಲ್ಲಿದೆ.

ಆ ಕಾಲದ ರಸಾಯನ ತಜ್ಞರೆಲ್ಲ ಒಂದು ಪಾಠ ಕಲಿತೇ ಹೊಲಕ್ಕೆ ಬರುತ್ತಿದ್ದರು. ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ 1840ರ ನಂತರ ಜನಪ್ರಿಯಗೊಳಿಸಿದ ಪಾಠ ಅದು: ಬೆಳೆಗೆ ಬೇಕಾದ ಸತ್ವಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದೇ ಇಳುವರಿಯನ್ನು ನಿರ್ಧರಿಸುತ್ತದೆ.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ, ಕೆರೆ ಏರಿ ಎಲ್ಲಿ ತಗ್ಗಾಗಿದೆಯೋ ಅಲ್ಲಿಯವರೆಗೇ ನೀರು ನಿಲ್ಲುತ್ತದೆ. ಉಳಿದ ಕಡೆ ಏರಿಯನ್ನು ಎಷ್ಟೇ ಎತ್ತರಿಸಿದರೂ ಒಂದು ಹನಿ ಹೆಚ್ಚು ನಿಲ್ಲುವುದಿಲ್ಲ. ಯೂರಿಯಾ ಏರಿಸುತ್ತಾ ಹೋಗಿ, ಗಂಧಕವೋ ಸತುವೋ ತಗ್ಗಿದ್ದರೆ ಆಗುವುದು ಇದೇ.

ಇಂದೋರಿನ ಗುಂಡಿ

ಇನ್ನೊಂದು ಕಡೆ ತಿಪ್ಪೆಯ ಕಥೆಯೂ ಹೊಸ ತಿರುವು ಪಡೆಯುತ್ತಿತ್ತು. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಸಸ್ಯವಿಜ್ಞಾನಿ 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದವರು. 1924ರಿಂದ ಇಂದೋರಿನಲ್ಲಿ ಹತ್ತಿ ಬೆಳೆಯ ಸಂಶೋಧನಾ ಸಂಸ್ಥೆ ನಡೆಸಿದರು. ಅಲ್ಲಿ ಯಶವಂತ ವಾಡ್ ಅವರ ಜೊತೆ ಸೇರಿ ಗೊಬ್ಬರ ಮಾಡುವ ಒಂದು ಕ್ರಮ ರೂಪಿಸಿದರು. 1931ರಲ್ಲಿ ಇಬ್ಬರೂ ಅದನ್ನು ಪುಸ್ತಕವಾಗಿ ತಂದರು. ಅದೇ ಇಂದೋರ್ ವಿಧಾನ.

ಕಡ್ಡಿ ಕಸ, ಕಳೆ, ಹತ್ತಿ ಕಡ್ಡಿ ಯಾವುದೂ ವ್ಯರ್ಥವಾಗಬಾರದು ಅನ್ನುವುದು ಅದರ ಮೊದಲ ನಿಯಮ. ಗಟ್ಟಿ ಹತ್ತಿ ಕಡ್ಡಿಯನ್ನು ಗಾಡಿ ಓಡಾಡುವ ದಾರಿಯಲ್ಲಿ ಹರಡಿ ಚಕ್ರದಡಿ ನುರಿಸುತ್ತಿದ್ದರು. ಆಮೇಲೆ ಅದು ದನಗಳ ಕೆಳಗೆ ಹಾಸು. ಕೊಟ್ಟಿಗೆಯ ನೆಲ ಮಣ್ಣಿನದ್ದೇ ಇರಬೇಕು. ಗಂಜಲ ಕುಡಿದ ಆ ಮಣ್ಣನ್ನು ಕೆಲವು ತಿಂಗಳಿಗೊಮ್ಮೆ ಅಗೆದು ಹೊಸ ಮಣ್ಣು ತುಂಬಬೇಕು. ಗಂಜಲದಲ್ಲಿ ಸಗಣಿಯಷ್ಟೇ ಬೆಲೆಬಾಳುವ ಸತ್ವ ಇದೆ, ಅದನ್ನು ಚರಂಡಿಗೆ ಬಿಡಬಾರದು.

ಎರಡು ಮೂರು ಅಡಿ ಆಳದ ಗುಂಡಿಯಲ್ಲಿ ಕಸದ ಪದರ, ಸಗಣಿ ರಾಡಿ, ಗಂಜಲದ ಮಣ್ಣು, ಅದರ ಜೊತೆ ಸೌದೆ ಬೂದಿ. ಬೂದಿ ಯಾಕೆ? ಕೊಳೆಯುವಾಗ ಹುಳಿ ಹೆಚ್ಚಾದರೆ ಕೊಳೆಸುವ ಜೀವಿಗಳು ಸೊರಗುತ್ತವೆ. ಬೂದಿ ಹುಳಿಯನ್ನು ತಡೆಯುತ್ತದೆ, ಪೊಟ್ಯಾಷನ್ನೂ ಸೇರಿಸುತ್ತದೆ. ಮೂರು ಸಲ ಮಗುಚಿ, ನೀರು ಚಿಮುಕಿಸಿದರೆ ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ.

ಸಾವಯವ ಕೃಷಿಯ ಜನಕ ಅಂತ ಲೋಕವೇ ಕರೆಯುವ ಹೋವರ್ಡ್ ಗುಂಡಿಯಲ್ಲೂ ಮಣ್ಣು, ಬೂದಿ ಇದ್ದವು ಎಂಬುದನ್ನು ನೆನಪಿಡಬೇಕು. ಅದು ಬರೀ ಸಗಣಿ ಗುಡ್ಡೆ ಆಗಿರಲಿಲ್ಲ.

ಬೆಂಗಳೂರಿನ ಗುಂಡಿ

ಇಂದೋರ್ ವಿಧಾನಕ್ಕೆ ಆಳು ಬೇಕು, ನೀರು ಬೇಕು. ಮಗುಚುವ ಕೆಲಸ ಸಣ್ಣದಲ್ಲ. ಅದಕ್ಕೆ ಉತ್ತರ ಬಂದದ್ದು ಬೆಂಗಳೂರಿನಿಂದ. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಎಂಬ ಜೀವರಸಾಯನ ವಿಜ್ಞಾನಿ 1930ರ ದಶಕದ ಕೊನೆಗೆ ಮಗುಚದೆ ಗೊಬ್ಬರ ಮಾಡುವ ಕ್ರಮ ರೂಪಿಸಿದರು. ಕೃಷಿ ಪಠ್ಯಗಳಲ್ಲಿ ಅದಕ್ಕೆ ಇವತ್ತಿಗೂ ಬೆಂಗಳೂರು ವಿಧಾನ ಎಂದೇ ಹೆಸರು.

ಉದ್ದನೆಯ ಗುಂಡಿಯಲ್ಲಿ ಪೇಟೆಯ ಕಸ ಒಂದು ಪದರ, ಮನುಷ್ಯರ ಮಲ ಒಂದು ಪದರ. ಹೀಗೇ ತುಂಬಿ, ಕುಸಿದಾಗ ಮತ್ತೆ ತುಂಬಿ, ಕೊನೆಗೆ ಮಣ್ಣು ಮೆತ್ತಿ ಮುಚ್ಚುವುದು. ತೇವ ಆರುವುದಿಲ್ಲ, ನೊಣ ಮುತ್ತುವುದಿಲ್ಲ, ಮಗುಚುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳಿಗೆ ಗೊಬ್ಬರ. 1940ರ ದಶಕದಲ್ಲಿ, ಆಹಾರದ ಕೊರತೆಯ ದಿನಗಳಲ್ಲಿ, ದೇಶದ ಹಲವು ಪುರಸಭೆಗಳು ಈ ದಾರಿ ಹಿಡಿದವು. ಹಳ್ಳಿಯಿಂದ ಪೇಟೆಗೆ ಕಾಳಾಗಿ ಹೋದದ್ದು ಗೊಬ್ಬರವಾಗಿ ವಾಪಸ್ ಬರುವ ಒಂದು ದಾರಿ ತೆರೆಯಿತು.

ಆದರೆ ಈ ಕಥೆಯನ್ನು ಹೆಮ್ಮೆಯಿಂದ ಮಾತ್ರ ಹೇಳಲಾಗದು. ಆ ಮಲವನ್ನು ಬಕೆಟ್ಟಿನಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದವರು ಮನುಷ್ಯರು, ಜಾತಿಯ ಕಾರಣಕ್ಕೆ ಆ ಕೆಲಸಕ್ಕೆ ತಳ್ಳಲ್ಪಟ್ಟವರು. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಗೆ ನಿಷೇಧ ತಂದರು. ದೇಶಕ್ಕೆಲ್ಲ ಕಾನೂನು ಬರಲು 1993 ಆಯಿತು, 2013ರಲ್ಲಿ ಇನ್ನೊಂದು ಕಾನೂನು ಬಂತು. ಮಣ್ಣಿಗೆ ಊಟ ಹಾಕುವ ಯಾವ ದಾರಿಯೂ ಮನುಷ್ಯನ ಮಾನ ತೆಗೆಯುವಂತಿರಬಾರದು. ಇವತ್ತು ಬೆಂಗಳೂರು ವಿಧಾನ ಮಾಡುವವರು ಮಲದ ಬದಲು ಸಗಣಿ ರಾಡಿ ಹಾಕುತ್ತಾರೆ, ಕೆಲಸ ಚೆನ್ನಾಗಿಯೇ ಆಗುತ್ತದೆ.

ಪೇಟೆಯ ಕಸದ ಗತಿಯೂ ಬದಲಾಯಿತು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿದಾಗ ಬೆಂಗಳೂರಿನ ಕಸದಲ್ಲಿ ಬಹುಪಾಲು ಕೊಳೆಯುವಂಥದ್ದೇ ಇತ್ತು. ಆಮೇಲೆ ಪ್ಲಾಸ್ಟಿಕ್, ಗಾಜು, ಬ್ಯಾಟರಿ ಬೆರೆತವು. ಬೇರ್ಪಡಿಸದ ಕಸ ಹಳ್ಳಿಗಳಿಗೆ ಗೊಬ್ಬರವಾಗಿ ಬರುವ ಬದಲು ಗುಡ್ಡವಾಗಿ ಬಂತು. ಮಾವಳ್ಳಿಪುರ, ಮಂಡೂರು ಗ್ರಾಮಸ್ಥರು ತಮ್ಮ ಊರಿಗೆ ಲಾರಿ ಬರಕೂಡದು ಅಂತ ಹೋರಾಡಬೇಕಾಯಿತು. ಒಂದು ಕಾಲಕ್ಕೆ ಇದೇ ಕಸಕ್ಕೆ ರೈತರು ಗಾಡಿ ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದರು.

ಚೀಲ ಬಂದ ಮೇಲೆ

ಕಾರ್ಖಾನೆಯ ಗೊಬ್ಬರ ನಮಗೆ ಹಸಿರು ಕ್ರಾಂತಿಯ ಜೊತೆಗೆ ಬಂದದ್ದಲ್ಲ, ಅದಕ್ಕೂ ಹಳೆಯದು. ತಮಿಳುನಾಡಿನ ರಾಣಿಪೇಟೆಯಲ್ಲಿ 1906ರಲ್ಲೇ ಸೂಪರ್ ಫಾಸ್ಫೇಟ್ ತಯಾರಾಯಿತು. ಮೈಸೂರಿನ ಹತ್ತಿರದ ಬೆಳಗೊಳದಲ್ಲಿ 1940ರ ದಶಕದ ಆರಂಭಕ್ಕೆ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. 1951ರಲ್ಲಿ ಸಿಂಧ್ರಿಯ ದೊಡ್ಡ ಕಾರ್ಖಾನೆ, 1976ರಲ್ಲಿ ಮಂಗಳೂರಿನ ಕಾರ್ಖಾನೆ.

ಆ ಹಳೆಯ ಚೀಲಗಳಲ್ಲಿ ಒಂದು ವಿಶೇಷ ಇತ್ತು. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕದ ಜೊತೆ ಗಂಧಕ ಇತ್ತು. ಸೂಪರ್ ಫಾಸ್ಫೇಟಿನಲ್ಲಿ ರಂಜಕದ ಜೊತೆ ಗಂಧಕ, ಸುಣ್ಣದ ಅಂಶ ಇತ್ತು. ಆಮೇಲೆ ಬಂದ ಯೂರಿಯಾ, ಡಿಎಪಿ ಹೆಚ್ಚು ಗಟ್ಟಿ ಗೊಬ್ಬರಗಳು, ಸಾಗಾಣಿಕೆ ಸುಲಭ. ಆದರೆ ಅವುಗಳಲ್ಲಿ ಗಂಧಕ ಇರಲಿಲ್ಲ. ಕೇಳದೆಯೇ ಸಿಗುತ್ತಿದ್ದದ್ದು ಹೇಳದೆಯೇ ನಿಂತುಹೋಯಿತು.

ಇಳುವರಿ ಏರಿತು, ಇದನ್ನು ಮರೆಯಬಾರದು. ಹಸಿವಿನ ದಿನಗಳನ್ನು ಕಂಡ ನಮ್ಮ ಅಜ್ಜ ಅಜ್ಜಿಯರು ಚೀಲವನ್ನು ಸ್ವಾಗತಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಇಳುವರಿ ಏರಿದಂತೆ ಹೊಲದಿಂದ ಹೊರಹೋಗುವ ಕಲ್ಲಿನ ಸತ್ವವೂ ಏರಿತು. ಹಿಮಾಲಯದ ಬುಡದ ತರಾಯಿ ಪ್ರದೇಶದಲ್ಲಿ ಭತ್ತದ ಎಲೆ ತುಕ್ಕು ಬಣ್ಣಕ್ಕೆ ತಿರುಗಿ ಪೈರು ಕುಗ್ಗುತ್ತಿತ್ತು, ಖೈರಾ ಅಂತ ಕರೆಯುತ್ತಿದ್ದರು. ರೋಗ ಅಂದುಕೊಂಡಿದ್ದ ಅದು ಸತುವಿನ ಕೊರತೆ ಎಂದು 1966ರಲ್ಲಿ ಪಂತನಗರದ ವೈ. ಎಲ್. ನೆನೆ ತೋರಿಸಿದರು. ಔಷಧಿ ಹೊಡೆಯುವ ಕಾಯಿಲೆಯೇ ಅಲ್ಲ, ಹಸಿವು ಅದು.

1970ರಲ್ಲಿ ಕೇಂದ್ರ ಕೃಷಿ ಸಂಶೋಧನಾ ಮಂಡಳಿ ದೇಶದ ಹಲವು ಕಡೆ ದೀರ್ಘಕಾಲದ ಪ್ರಯೋಗ ಶುರು ಮಾಡಿತು. ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಒಂದೇ ಥರ ಗೊಬ್ಬರ ಹಾಕಿ ಏನಾಗುತ್ತದೆ ಅಂತ ನೋಡುವ ಪ್ರಯೋಗ. ಬೆಂಗಳೂರಿನ ಕೆಂಪು ಮಣ್ಣೂ ಅದರಲ್ಲಿ ಸೇರಿದೆ. ಉತ್ತರ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಬರೀ ಸಾರಜನಕ ಹಾಕಿದ ಮಡಿ ಬರಬರುತ್ತಾ ಸೊರಗಿತು. ಹುಳಿ ಗುಣದ ಕೆಂಪು ಮಣ್ಣಿನಲ್ಲಂತೂ ಹುಳಿ ಇನ್ನೂ ಏರಿ ಬೆಳೆ ಕುಸಿಯಿತು. ಸಮತೋಲನದ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಹಾಕಿದ ಮಡಿ ನಿಂತು ಬೆಳೆಯಿತು. ಹುಳಿ ಮಣ್ಣಿಗೆ ಸುಣ್ಣವೂ ಬೇಕಾಯಿತು.

ಆದರೆ ಬೆಲೆ ಬೇರೆ ದಾರಿ ತೋರಿಸಿತು. 1992ರ ಆಗಸ್ಟಿನಲ್ಲಿ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆಯಿತು, ಯೂರಿಯಾಕ್ಕೆ ಉಳಿಸಿಕೊಂಡಿತು. ಅಗ್ಗವಾದದ್ದನ್ನು ಹೆಚ್ಚು ಹಾಕುವುದು ಸಹಜ. ಏರಿಯ ಒಂದು ಕಡೆ ಎತ್ತರವಾಗುತ್ತಾ ಹೋಯಿತು, ತಗ್ಗು ಹಾಗೇ ಉಳಿಯಿತು.

ಅದೇ ಕಾಲಕ್ಕೆ ಹಳೆಯ ದಾರಿಗಳೂ ಒಂದೊಂದಾಗಿ ಮುಚ್ಚಿದವು. ಎತ್ತು ಕಡಿಮೆಯಾದವು, ತಿಪ್ಪೆ ಕುಗ್ಗಿತು. ಕೊಳವೆ ಬಾವಿ ಬಂದ ಮೇಲೆ ಕೆರೆ ಯಾರದ್ದೂ ಅಲ್ಲವಾಯಿತು, ಎಷ್ಟೋ ಕಡೆ ಗೋಡು ಇಟ್ಟಿಗೆ ಗೂಡು ಸೇರಿತು. ಗೋಮಾಳ ಕರಗಿ ಕುರಿ ಮಂದೆಗೆ ಜಾಗವಿಲ್ಲವಾಯಿತು. ಗ್ಯಾಸ್ ಬಂದು ಒಲೆಯ ಬೂದಿ ನಿಂತಿತು. ಹೊಗೆ ಕುಡಿದು ಕೆಮ್ಮುತ್ತಿದ್ದ ಹೆಂಗಸರಿಗೆ ಅದು ಬಿಡುಗಡೆ, ಬೂದಿಗಾಗಿ ಯಾರೂ ಒಲೆಗೆ ಮರಳಬೇಕಿಲ್ಲ. ಆದರೆ ಬೂದಿ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾವುದಾದರೂ ಮಾಡಲೇಬೇಕು.

ಭೂಚೇತನ ತೋರಿಸಿದ ತಗ್ಗು

2009ರಲ್ಲಿ ಕರ್ನಾಟಕ ಸರ್ಕಾರ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ಭೂಚೇತನ ಯೋಜನೆ ಶುರು ಮಾಡಿತು. ರಾಜ್ಯದ ಮಳೆಯಾಶ್ರಿತ ಹೊಲಗಳಿಂದ ಹತ್ತಾರು ಸಾವಿರ ಮಣ್ಣಿನ ಮಾದರಿ ತೆಗೆದು ಪರೀಕ್ಷಿಸಿದರು. ಮಳೆಯಾಶ್ರಿತ ಹೊಲಕ್ಕೆ ನೀರೇ ಕೊರತೆ, ಬೇರೇನಿದೆ ಅಂದುಕೊಂಡಿದ್ದವರಿಗೆ ಫಲಿತಾಂಶ ಬೇರೆ ಮಾತು ಹೇಳಿತು. ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚು ಮಾದರಿಗಳಲ್ಲಿ ಗಂಧಕ, ಸತು, ಬೋರಾನ್ ಕಡಿಮೆ ಇದ್ದವು. ಕೊಳೆತ ಅಂಶ, ಅಂದರೆ ಸಾವಯವ ಇಂಗಾಲವೂ ಕಡಿಮೆ ಇತ್ತು. ಎರಡು ಊಟವೂ ತಪ್ಪಿತ್ತು.

ಗಂಧಕಕ್ಕೆ ಜಿಪ್ಸಂ, ಸತುವಿಗೆ ಸತುವಿನ ಸಲ್ಫೇಟ್, ಬೋರಾನಿಗೆ ಬೋರಾಕ್ಸ್. ಜಿಪ್ಸಂ ರಾಜಸ್ಥಾನದ ಗಣಿಗಳಿಂದ ಬರುವ ಮೆತ್ತನೆಯ ಕಲ್ಲು. ಬೋರಾಕ್ಸ್ ಅಂದರೆ ಅಕ್ಕಸಾಲಿಗರು ಚಿನ್ನ ಬೆಸೆಯಲು ಬಳಸುವ ಬಿಳಿಗಾರ, ಅದೂ ನೆಲದಲ್ಲಿ ಸಿಗುವ ಖನಿಜ. ಬೋರಾನ್ ಬೇಕಿದ್ದದ್ದು ಎಕರೆಗೆ 200 ಗ್ರಾಂನಷ್ಟು ಮಾತ್ರ. ಕೊರತೆ ಇದ್ದ ಹೊಲಗಳಲ್ಲಿ ಕೊರತೆ ಇದ್ದದ್ದನ್ನೇ ಕೊಟ್ಟಾಗ ರಾಗಿ, ಜೋಳ, ಕಡಲೆಕಾಯಿ, ಮುಸುಕಿನ ಜೋಳದ ಇಳುವರಿ ಎದ್ದು ಕಾಣುವಷ್ಟು ಏರಿತು.

2015ರಲ್ಲಿ ಕೇಂದ್ರದ ಮಣ್ಣು ಆರೋಗ್ಯ ಕಾರ್ಡ್ ಬಂತು. ಎಷ್ಟೋ ಮನೆಗಳಲ್ಲಿ ಆ ಕಾರ್ಡು ಟ್ರಂಕಿನಲ್ಲಿ, ಪಹಣಿಯ ಜೊತೆ ಭದ್ರವಾಗಿದೆ. ಓದಿ ನೋಡಿದವರು ಕಡಿಮೆ.

ಈ ಕಥೆಯಿಂದ ನಮ್ಮ ಹೊಲಕ್ಕೆ

ಇಷ್ಟು ಹಳೆಯ ಕಥೆ ಯಾಕೆ ಬೇಕು ಅಂದರೆ, ಈಗ ಮಣ್ಣಿನ ಹೆಸರಿನಲ್ಲಿ ನಮ್ಮ ಊರುಗಳಿಗೆ ಬಗೆಬಗೆಯ ಚೀಲ, ಡಬ್ಬಿ ಬರುತ್ತಿವೆ. ಖನಿಜ ಪುಡಿ, ಮಣ್ಣು ಸುಧಾರಕ, ಎಲ್ಲ ಮಣ್ಣಿಗೂ ಒಂದೇ ಮದ್ದು ಅನ್ನುವ ಮಾತು. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಏರಿ ತಗ್ಗಿರುವುದು ಎಲ್ಲಿ? ಅದು ಗೊತ್ತಿಲ್ಲದೆ ಹಾಕಿದ ಖನಿಜ ದುಡ್ಡು ಹಾಳು. ಬೋರಾನಿನಂಥದ್ದು ಹೆಚ್ಚಾದರೆ ಬೆಳೆಗೇ ವಿಷ.

ಸುಣ್ಣ ಬೇರೆ, ಜಿಪ್ಸಂ ಬೇರೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸುಣ್ಣ ಬೇಕು. ಜಿಪ್ಸಂ ಹಾಕಿದರೆ ಹುಳಿ ಇಳಿಯುವುದಿಲ್ಲ. ತುಂಗಭದ್ರಾ, ಕೃಷ್ಣಾ ಕಾಲುವೆ ಕೆಳಗೆ ನೀರು ನಿಂತು ಚೌಳಾದ ಮಣ್ಣುಗಳಲ್ಲಿ ಸೋಡಿಯಂ ಹೆಚ್ಚಿದ್ದರೆ ಅಲ್ಲಿ ಜಿಪ್ಸಂ ಕೆಲಸ ಮಾಡುತ್ತದೆ, ಅದೂ ನೀರು ಬಸಿದು ಹೋಗುವ ಕಾಲುವೆ ಇದ್ದರೆ ಮಾತ್ರ. ಕಡಲೆಕಾಯಿಗೆ ಜಿಪ್ಸಂ ಒಳ್ಳೆಯದು, ಕಾಯಿ ತುಂಬಲು ಸುಣ್ಣದ ಅಂಶ, ಎಣ್ಣೆಗೆ ಗಂಧಕ ಎರಡೂ ಅದರಲ್ಲಿವೆ.

ಶಿಲಾರಂಜಕದ ಪುಡಿ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತದೆ. ಸುಣ್ಣಕಲ್ಲಿನ ಹರಳಿರುವ ಕಪ್ಪು ಮಣ್ಣಿನಲ್ಲಿ ಹಾಗೇ ಕೂರುತ್ತದೆ. ಅದನ್ನು ನೇರ ಹೊಲಕ್ಕೆ ಚೆಲ್ಲುವ ಬದಲು ಗೊಬ್ಬರದ ಗುಂಡಿಗೆ ಪದರ ಪದರವಾಗಿ ಹಾಕಿದರೆ, ಕೊಳೆಯುವಾಗ ಹುಟ್ಟುವ ಹುಳಿ ಅದರಲ್ಲಿ ಸ್ವಲ್ಪ ಭಾಗವನ್ನು ಕರಗಿಸಿ ಕೊಡುತ್ತದೆ. ಗುಂಡಿಯಲ್ಲಿ ಖನಿಜ, ತಿಪ್ಪೆ ಒಂದನ್ನೊಂದು ಸೇರುವುದು ಹೀಗೆ.

ಒಂದು ಟನ್ ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಇರುವುದು ಸುಮಾರು 5 ಕಿಲೋ ಮಾತ್ರ. ಕಿಲೋ ಲೆಕ್ಕದಲ್ಲಿ ನೋಡಿದರೆ ಅದು ಚೀಲದ ಮುಂದೆ ಏನೂ ಅಲ್ಲ. ಆದರೆ ತೇವ ಹಿಡಿಯುವುದು, ಹಾಕಿದ ಸತ್ವ ಬಸಿದು ಹೋಗದಂತೆ ತಡೆಯುವುದು, ಮಣ್ಣಿನ ಜೀವಿಗಳಿಗೆ ಊಟ ಕೊಡುವುದು ಚೀಲದಿಂದ ಆಗದು. ಬಿಸಿಲಿಗೆ ಬಾಯ್ತೆರೆದು, ಮಳೆಗೆ ತೊಳೆದುಹೋಗುವ ತಿಪ್ಪೆಯಲ್ಲಿ ಆ 5 ಕಿಲೋವೂ ಉಳಿಯುವುದಿಲ್ಲ. ಮಳೆ ಕಡಿಮೆ ಇರುವ ಕಡೆ ಗುಂಡಿಗೆ ತುಂಬಿ ಮಣ್ಣು ಮೆತ್ತಿ ಮುಚ್ಚುವ ಬೆಂಗಳೂರು ವಿಧಾನ, ಆಳು ನೀರು ಇರುವ ಕಡೆ ಮಗುಚುವ ಇಂದೋರ್ ವಿಧಾನ. ಕೊಟ್ಟಿಗೆಗೆ ಸಿಮೆಂಟ್ ಹಾಕಿದ್ದರೆ ಗಂಜಲಕ್ಕೆ ಒಂದು ತೊಟ್ಟಿಯ ದಾರಿ ಮಾಡಿ.

ಕೆರೆ ಹೂಳು ಎತ್ತುವ ಕೆಲಸ ನಿಮ್ಮ ಪಂಚಾಯಿತಿಯಲ್ಲಿ ಬಂದಾಗ ಆ ಹೂಳು ಎಲ್ಲಿಗೆ ಹೋಗುತ್ತದೆ ಅಂತ ಗ್ರಾಮಸಭೆಯಲ್ಲಿ ಕೇಳಿ. ಪೇಟೆಯ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಅದರ ಹೂಳು ಬೇಡ. ಶುದ್ಧ ಕೆರೆಯದಾದರೆ ಒಂದು ಹಿಡಿ ಪರೀಕ್ಷೆಗೆ ಕಳಿಸಿ, ಕೆಂಪು ಹೊಲದವರು ಹಂಚಿಕೊಳ್ಳಿ. ಅದು ಹಳ್ಳದ ಮೇಲಿನ ನಮ್ಮದೇ ಹೊಲಗಳಿಂದ ಕೊಚ್ಚಿಹೋದ ಮೇಲ್ಮಣ್ಣು.

ಮುಂಗಾರಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಹೊಲದ ಎಂಟು ಹತ್ತು ಕಡೆ ಅಂಗೈ ಅಗಲದ ಗುಂಡಿ ತೋಡಿ, ಬದು, ತಿಪ್ಪೆ, ಮರದ ಬುಡ ಬಿಟ್ಟು, ನೇಗಿಲು ಇಳಿಯುವ ಆಳದವರೆಗಿನ ಮಣ್ಣು ಬೆರೆಸಿ ಅರ್ಧ ಕಿಲೋ ತೆಗೆದುಕೊಳ್ಳಿ. ರೈತ ಸಂಪರ್ಕ ಕೇಂದ್ರದಲ್ಲಿ ಕೊಡುವಾಗ ಗಂಧಕ, ಸತು, ಬೋರಾನನ್ನೂ ನೋಡಿ ಅಂತ ಕೇಳಿ. ಈ ಸಲ ಕಾರ್ಡು ಬಂದಾಗ ಟ್ರಂಕಿಗೆ ಹಾಕಬೇಡಿ.